ಪ್ರಶಿಕ್ಷಣಾರ್ಥಿಗಳಿಗೆ ಬೇಕಿರುವುದು ಪುಸ್ತಕ, ರೆಕಾರ್ಡ್ ಅಲ್ಲ

ಮಾನ್ಯ ಸಂಪಾದಕರೇ,

ಸೆಮಿಸ್ಟರ್ ಮುಗಿಯುತ್ತ ಬಂದರೆ, ಶಿಕ್ಷಕರಾಗುವವರು ಕಲಿಯುವ ಬಿ.ಇಡಿ., ಡಿ.ಇಎಲ್.ಇಡಿ. ಕಾಲೇಜುಗಳ ಆಸುಪಾಸಿನ ಸ್ಟೇಷನರಿ ಅಂಗಡಿಗಳಲ್ಲಿ ಸ್ಕೆಚ್ ಪೆನ್ನು, ಬಣ್ಣದ ಹಾಳೆ, ಅಂಟಿಸುವ ಚಿತ್ರಗಳು ಬಿಸಿಬಿಸಿಯಾಗಿ ಖರ್ಚಾಗುತ್ತವೆ. ಪುಸ್ತಕ ವಿಮರ್ಶೆಯ ರೆಕಾರ್ಡ್, ಅಂದರೆ ಅಂಕಕ್ಕಾಗಿ ಒಪ್ಪಿಸುವ ನೋಟುಬುಕ್ಕು, ಬರೆಯುವ ಕಾಲವದು. ಅದೇ ಊರಿನ ಪುಸ್ತಕದ ಅಂಗಡಿಗೆ ಮಾತ್ರ ಆ ವಾರ ಹೊಸ ಗಿರಾಕಿ ಯಾರೂ ಬರುವುದಿಲ್ಲ. ನಾಳೆ ಮಕ್ಕಳಿಗೆ ಓದು ಕಲಿಸಬೇಕಾದ ಈ ಪ್ರಶಿಕ್ಷಣಾರ್ಥಿಗಳು ಇಂದು ಏನು ಓದುತ್ತಿದ್ದಾರೆ, ಹೇಗೆ ಓದುತ್ತಿದ್ದಾರೆ, ಅವರಿಗೆ ಇಷ್ಟದ ಪುಸ್ತಕ ಒಂದಾದರೂ ಇದೆಯೇ ಎಂಬ ಪ್ರಶ್ನೆಯನ್ನು ತಮ್ಮ ಪತ್ರಿಕೆಯ ಮೂಲಕ ಶಿಕ್ಷಕ ಶಿಕ್ಷಣದಲ್ಲಿ ತೊಡಗಿರುವ ಎಲ್ಲರ ಮುಂದಿಡಲು ಈ ಪತ್ರ. ಇದು ಸ್ವಲ್ಪ ದೀರ್ಘವಾಗಿದೆ. ದಯವಿಟ್ಟು ಪೂರ್ತಿ ಪ್ರಕಟಿಸಬೇಕೆಂದು ಕೋರುತ್ತೇನೆ.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 2014ರಲ್ಲಿ ಹೊಸ ನಿಯಮಾವಳಿ ತಂದು ಬಿ.ಇಡಿ. ಅವಧಿಯನ್ನು ಎರಡು ವರ್ಷಕ್ಕೆ ಏರಿಸಿದಾಗ, ಪಠ್ಯಗಳನ್ನು ಓದಿ ಅವುಗಳ ಬಗ್ಗೆ ಚಿಂತಿಸುವುದನ್ನೇ ಪಠ್ಯಕ್ರಮದಲ್ಲಿ ಒಂದು ಪ್ರತ್ಯೇಕ ವಿಷಯವಾಗಿ, ಅಂದರೆ ಪತ್ರಿಕೆಯಾಗಿ, ಸೇರಿಸಿತು. ಕಥೆ, ಆತ್ಮಕಥೆ, ವರದಿ, ಲೇಖನ, ಸರ್ಕಾರಿ ದಾಖಲೆ ಹೀಗೆ ಬೇರೆ ಬೇರೆ ಬಗೆಯ ಬರಹಗಳನ್ನು ಒಂಟಿಯಾಗಿಯೂ ಗುಂಪಿನಲ್ಲಿಯೂ ಓದಿ, ಮಾತಾಡಿ, ಬರೆಯಬೇಕೆಂಬುದು ಅದರ ಆಶಯ. ಬಹಳ ಒಳ್ಳೆಯ ಆಶಯ. ಪದವಿ ಮುಗಿಸಿ ಬಂದವರಲ್ಲಿ ಪರೀಕ್ಷೆಯ ನೋಟ್ಸ್ ಬಿಟ್ಟು ಬೇರೇನೂ ಓದದವರು ಎಷ್ಟೋ ಜನರಿರುತ್ತಾರೆ. ಅಂಥವರಿಗೆ ಓದಿನ ಬಾಗಿಲು ತೆರೆಯಲು ಸಿಕ್ಕ ಕೊನೆಯ ಅವಕಾಶ ಇದು. ಆದರೆ ಹೆಚ್ಚಿನ ಕಡೆ ಈ ಪತ್ರಿಕೆ ರೆಕಾರ್ಡ್ ಪುಸ್ತಕವೊಂದಕ್ಕೆ ಇಳಿದುಬಿಟ್ಟಿದೆ. ಒಂದು ರೆಕಾರ್ಡ್ ತೆರೆದರೆ ಎಲ್ಲವನ್ನೂ ನೋಡಿದಂತೆ. ಮೊದಲು ಲೇಖಕರ ಪರಿಚಯ, ಆಮೇಲೆ ಸಾರಾಂಶ, ಕೃತಿಯಲ್ಲಿರುವ ಮೌಲ್ಯಗಳು, ಭಾಷಾಶೈಲಿ, ಉಪಸಂಹಾರ. ಭಾಷಾಶೈಲಿಯ ಕೆಳಗೆ ‘ಸರಳ ಹಾಗೂ ಸುಂದರವಾಗಿದೆ’ ಎಂಬ ಸಾಲು. ಹಿಂದಿನ ವರ್ಷದವರ ರೆಕಾರ್ಡ್ ಈ ವರ್ಷದವರ ಕೈಗೆ ಬರುತ್ತದೆ. ಅದರಲ್ಲಿ ಲೇಖಕರ ಹುಟ್ಟಿದ ಊರು ತಪ್ಪಾಗಿದ್ದರೆ ಆ ತಪ್ಪೂ ಹಾಗೆಯೇ ದಾಟಿಕೊಂಡು ಬರುತ್ತದೆ. ಈಗಂತೂ ಸಾರಾಂಶವನ್ನು ಮೊಬೈಲೇ ಒಂದು ನಿಮಿಷದಲ್ಲಿ ಬರೆದುಕೊಡುತ್ತಿದೆ. ಹೀಗಿರುವಾಗ ಸಾರಾಂಶ ಬರೆದದ್ದಕ್ಕೆ ಅಂಕ ಕೊಟ್ಟರೆ ಅದು ಯಾವ ಓದಿಗೆ ಕೊಟ್ಟ ಅಂಕ?

ತಪ್ಪನ್ನು ಪ್ರಶಿಕ್ಷಣಾರ್ಥಿಗಳ ತಲೆಗೆ ಕಟ್ಟುವುದು ಸರಿಯಲ್ಲ. ಅವರಿಗೆ ಓದಲು ಹೇಳಿದ್ದೇವೆಯೇ ಹೊರತು ಓದುವ ಹೊತ್ತು ಕೊಟ್ಟಿಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. ಇದೇ ನಿಯಮಾವಳಿ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ ಕನಿಷ್ಠ 36 ಗಂಟೆ ಎಂದು ಹೇಳುತ್ತದೆ. ದಿನಕ್ಕೆ 20 ನಿಮಿಷ ಸುಮ್ಮನೆ ಕೂತು ಓದಿದರೆ, ನಿಧಾನವಾಗಿ ಓದುವವರಿಗೂ 10 ಪುಟವಾದರೂ ಸಾಗುತ್ತದೆ. ಎರಡು ವರ್ಷದ 400 ದಿನಕ್ಕೆ 4000 ಪುಟ. ತಲಾ 200 ಪುಟದ 20 ಪುಸ್ತಕ. ವಾರಕ್ಕೆ ಆರು ದಿನ ಎಂದು ಹಿಡಿದರೂ ಇದಕ್ಕೆ ಹೋಗುವುದು ಎರಡೇ ಗಂಟೆ. ಆದರೆ ಈ 20 ನಿಮಿಷ ವೇಳಾಪಟ್ಟಿಯಲ್ಲಿ ಅಚ್ಚಾಗಿರಬೇಕು, ಅದೂ ಬೆಳಗಿನ ಮೊದಲ ಅವಧಿಯಲ್ಲಿ. ಸಂಜೆಯ ಕೊನೆಯ ಅವಧಿಗೆ ಇಟ್ಟರೆ ಬಸ್ಸಿನ ಚಿಂತೆ ಹತ್ತಿರುತ್ತದೆ, ಪುಸ್ತಕ ತೆರೆದಿದ್ದರೂ ಕಣ್ಣು ಗಡಿಯಾರದ ಮೇಲೆಯೇ ಇರುತ್ತದೆ. ಇನ್ನೊಂದು ಮಾತು: ಆ ಹೊತ್ತಿನಲ್ಲಿ ಉಪನ್ಯಾಸಕರೂ ಕೂತು ತಮ್ಮ ಪುಸ್ತಕ ಓದಬೇಕು. ಹಾಜರಾತಿ ತುಂಬುತ್ತ, ಪರೀಕ್ಷಾ ಅರ್ಜಿ ಎಣಿಸುತ್ತ ಕೂತರೆ, ಓದು ಎಂದರೆ ಕೆಳಗಿನವರಿಗೆ ಒಪ್ಪಿಸಿದ ಕೆಲಸ ಎಂಬ ಪಾಠವನ್ನು ಬಾಯಿ ಬಿಡದೆಯೇ ಕಲಿಸಿದಂತಾಗುತ್ತದೆ.

ರೆಕಾರ್ಡಿನ ಬದಲು ಏನು? ಪ್ರವೇಶ ಪಡೆದ ಮೊದಲ ವಾರದಲ್ಲೇ ಪ್ರತಿಯೊಬ್ಬರಿಂದ ಎರಡು ಪುಟದ ‘ಓದಿನ ಆತ್ಮಕಥೆ’ ಬರೆಸಬಹುದು. ಪಠ್ಯಪುಸ್ತಕದ ಆಚೆ ಮೊದಲು ಕೈಗೆ ಬಂದ ಓದು ಯಾವುದು, ಯಾರು ತಂದುಕೊಟ್ಟರು, ಕಿರಾಣಿ ಅಂಗಡಿಯ ಪೊಟ್ಟಣದ ಕಾಗದವೋ, ವಾರಪತ್ರಿಕೆಯ ಧಾರಾವಾಹಿಯೋ, ಅಜ್ಜಿ ಹೇಳಿಸುತ್ತಿದ್ದ ಪುರಾಣವೋ, ಯಾವ ತರಗತಿಯಲ್ಲಿ ಓದು ನಿಂತುಹೋಯಿತು, ಯಾಕೆ ನಿಂತಿತು. ಈ ಕೊನೆಯ ಪ್ರಶ್ನೆಯೇ ಮುಖ್ಯ. ಓದು ಬಿಟ್ಟುಹೋದ ಕಾರಣವನ್ನು ತನ್ನಲ್ಲೇ ಕಂಡುಕೊಂಡವರು ತರಗತಿಯಲ್ಲಿ ಅದೇ ಕಾರಣಕ್ಕೆ ಹಿಂದೆ ಬೀಳುವ ಮಗುವನ್ನು ಬೇಗ ಗುರುತಿಸುತ್ತಾರೆ. ಇದಕ್ಕೆ ಅಂಕ ಇಡಬಾರದು. ಅಂಕ ಇಟ್ಟ ಕೂಡಲೇ ಎಲ್ಲರೂ ಬಾಲ್ಯದಲ್ಲೇ ಮಹಾಕಾವ್ಯ ಓದಿದವರಾಗುತ್ತಾರೆ.

ಆಮೇಲೆ ಒಂದು ಓದಿನ ಖಾತೆ. 100 ಪುಟದ ಸಾದಾ ನೋಟುಬುಕ್ಕು ಸಾಕು, ಅಂಚು, ಅಲಂಕಾರ ಏನೂ ಬೇಡ. ಪುಟಕ್ಕೆ ನಾಲ್ಕು ಕಂಬ: ತಾರೀಖು, ಎಲ್ಲಿಂದ ಎಲ್ಲಿಯವರೆಗೆ ಓದಿದ್ದು, ನಿಂತು ನೋಡುವಂತೆ ಮಾಡಿದ ಒಂದು ವಾಕ್ಯ ಪುಟಸಂಖ್ಯೆಯೊಂದಿಗೆ, ಆ ವಾಕ್ಯದ ಬಗ್ಗೆ ತನ್ನದೊಂದು ಮಾತು ಅಥವಾ ಪ್ರಶ್ನೆ. ದಿನಕ್ಕೆ ಮೂರು ನಾಲ್ಕು ಸಾಲಿಗಿಂತ ಹೆಚ್ಚಾಗಬಾರದು. ಹೆಚ್ಚಾದರೆ ಅದೂ ರೆಕಾರ್ಡ್ ಆಗಿಬಿಡುತ್ತದೆ. ಪುಟಸಂಖ್ಯೆ ಕಡ್ಡಾಯವಾಗಿರಲಿ, ಏಕೆಂದರೆ ನಕಲು ಸಾರಾಂಶದಲ್ಲಿ ಸಿಗದ ವಸ್ತು ಅದೊಂದೇ. ರುಚಿಸದ ಪುಸ್ತಕವನ್ನು 40-50 ಪುಟ ಓದಿದ ಮೇಲೆ ಕೈಬಿಡುವ ಹಕ್ಕೂ ಇರಬೇಕು, ಆದರೆ ಯಾಕೆ ಬಿಟ್ಟೆ ಎಂದು ಎರಡು ಸಾಲು ಬರೆಯಬೇಕು. ಪುಸ್ತಕವನ್ನು ಅರ್ಧಕ್ಕೆ ಬಿಡುವುದು ಅಪರಾಧ ಎಂದು ನಂಬಿದವರು ಹೊಸ ಪುಸ್ತಕ ಎತ್ತಿಕೊಳ್ಳಲು ಹೆದರುತ್ತಾರೆ. ಉಪನ್ಯಾಸಕರು ಹದಿನೈದು ದಿನಕ್ಕೊಮ್ಮೆ ಖಾತೆ ನೋಡಿ, ಸರಿ ತಪ್ಪು ಗುರುತು ಹಾಕದೆ, ಕೊನೆಯ ಕಂಬದಲ್ಲಿರುವ ಪ್ರಶ್ನೆಯೊಂದಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಸಾಲಿನ ಉತ್ತರ ಬರೆಯಲಿ. 50 ಜನರ ತರಗತಿಯಾದರೆ ದಿನಕ್ಕೆ ನಾಲ್ಕೈದು ಖಾತೆ ಬರುತ್ತವೆ, ಭಾರವೇನಲ್ಲ.

ಇಷ್ಟದ ಪುಸ್ತಕ ಯಾವುದು ಎಂದು ಕೇಳಿದಾಗ ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ಹೇಳುವುದು ಕೇಳುವವರಿಗೆ ಇಷ್ಟವಾಗುವ ಹೆಸರನ್ನು. ಜ್ಞಾನಪೀಠ ಪಡೆದ ಕೃತಿಯ ಹೆಸರು ಹೇಳಿ, ಎರಡನೆಯ ಪ್ರಶ್ನೆಗೆ ತಡವರಿಸುತ್ತಾರೆ. ಪತ್ತೇದಾರಿ ಕಾದಂಬರಿ ಇಷ್ಟವೆಂದರೆ ಅದನ್ನೇ ಎತ್ತಿಕೊಂಡು ಮಾತು ಮುಂದುವರಿಸಬೇಕು: ಯಾವ ಪುಟದಲ್ಲಿ ಅನುಮಾನ ಬಂತು, ಲೇಖಕರು ಯಾವ ಸಂಗತಿಯನ್ನು ಬಚ್ಚಿಟ್ಟರು, ಹೇಗೆ ಬಚ್ಚಿಟ್ಟರು. ಓದುಗರು ಮೊದಲೇ ಊಹಿಸುವುದು, ಊಹೆ ತಪ್ಪಿದಾಗ ಹಿಂದಿನ ಪುಟಕ್ಕೆ ತಿರುಗುವುದು, ಇವೇ ಓದಿನ ಮೂಲ ಕೌಶಲಗಳು. ಮೂರನೇ ತರಗತಿಯ ಮಗುವಿಗೆ ನಾವು ಕಲಿಸಬೇಕಾದದ್ದೂ ಇದನ್ನೇ. ಲಂಬಾಣಿ, ತುಳು, ಕೊಂಕಣಿ, ಉರ್ದು ಮನೆಮಾತಿನ ಪ್ರಶಿಕ್ಷಣಾರ್ಥಿಗೆ ಇಷ್ಟದ ಪಠ್ಯ ಅಚ್ಚಿನಲ್ಲಿ ಇರದೇ ಇರಬಹುದು, ಹಾಡಿನಲ್ಲಿ ಇರಬಹುದು. ಅದನ್ನು ಕನ್ನಡ ಲಿಪಿಯಲ್ಲಿ ಬರೆಸಿ ತರಗತಿಯಲ್ಲಿ ಓದಿಸಿದರೆ, ಬೇರೆ ಮನೆಮಾತಿನ ಮಗು ಕನ್ನಡ ಓದುವಾಗ ಪಡುವ ಪಾಡು ಉಳಿದವರಿಗೂ ತಿಳಿಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದು ಕನ್ನಡವನ್ನು ತಡೆತಡೆದು ಓದುವವರೂ ಇದ್ದಾರೆ. ಅವರನ್ನು ನೇರವಾಗಿ ಕಾದಂಬರಿಗೆ ದೂಡಬಾರದು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ನಾಲ್ಕು ಹಂತಗಳಾಗಿ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಮೂರನೇ ಹಂತದಿಂದ ಶುರುಮಾಡಿ, ದಿನಕ್ಕೊಂದು ಕಥೆ ಗಟ್ಟಿಯಾಗಿ ಓದುತ್ತ ಹೋದರೆ ಒಂದೆರಡು ತಿಂಗಳಲ್ಲಿ ನಾಲಿಗೆ ಸಡಿಲವಾಗುತ್ತದೆ.

ಮೆಚ್ಚುಗೆಯನ್ನು ಕೆಲಸಕ್ಕೆ ಇಳಿಸುವುದು ಇನ್ನೊಂದು ಹೆಜ್ಜೆ. ಶಿಕ್ಷಕರಾಗುವವರು ಹೆಚ್ಚು ಮೆಚ್ಚುವ ಪುಸ್ತಕಗಳಲ್ಲಿ ಜಪಾನಿನ ತೊತ್ತೊಚಾನ್ ಒಂದು, ಆ ಹೆಸರಿನ ಹುಡುಗಿಯ ಶಾಲಾದಿನಗಳ ಕಥೆ. ಮೊದಲ ಭೇಟಿಯಲ್ಲೇ ಮುಖ್ಯೋಪಾಧ್ಯಾಯರು ಆ ಪುಟ್ಟ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೂತು ಕೇಳುತ್ತಾರೆ. ಓದಿದವರೆಲ್ಲ ಈ ಸಂದರ್ಭವನ್ನು ನೆನೆಯುತ್ತಾರೆ, ‘ಮನ ಮಿಡಿಯಿತು’ ಎಂದು ಬರೆಯುತ್ತಾರೆ, ಅಲ್ಲಿಗೆ ಮುಗಿಯಿತು. ಮುಗಿಯಬಾರದು. ಅವಳ ತರಗತಿಯಲ್ಲಿ ಇದ್ದದ್ದು ಒಂಬತ್ತು ಮಕ್ಕಳು. ನಮ್ಮ ತರಗತಿಯಲ್ಲಿ 40 ಇದ್ದರೆ ನಾಲ್ಕು ಗಂಟೆಯಂತೆ 160 ಗಂಟೆ ಬೇಕು, ಅದು ಆಗದ ಮಾತು. ಆದರೆ ಮಗುವಿಗೆ 10 ನಿಮಿಷದಂತೆ ದಿನಕ್ಕೆ ಇಬ್ಬರ ಮಾತು ಕೇಳಿದರೆ 20 ದಿನಕ್ಕೆ 40 ಮಕ್ಕಳೂ ಮುಗಿಯುತ್ತಾರೆ. ಮಧ್ಯಾಹ್ನದ ಊಟದ ನಂತರದ 20 ನಿಮಿಷ ಅದಕ್ಕೆ ಸಾಕು. ಹಾಗೆಯೇ ಗುಜರಾತಿನ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಅವರ ದಿವಾಸ್ವಪ್ನ ಪುಸ್ತಕದ ಶಿಕ್ಷಕ ಮೊದಲ ದಿನ ಮೌನದ ಆಟ ಆಡಿಸಲು ಹೋಗಿ ಗದ್ದಲದಲ್ಲಿ ಸೋಲುತ್ತಾನೆ, ಮರುದಿನ ಕಥೆ ಹೇಳಲು ಕೂರುತ್ತಾನೆ, ತರಗತಿ ಅವನ ಕೈಗೆ ಬರುತ್ತದೆ. ಇಂಟರ್ನ್‌ಶಿಪ್ಪಿಗೆ, ಅಂದರೆ ಶಾಲೆಯಲ್ಲಿ ಪಾಠ ಮಾಡುವ ತರಬೇತಿಗೆ, ಹೊರಡುವ ಹಿಂದಿನ ವಾರ ಆ ಮೊದಲ ಅಧ್ಯಾಯವನ್ನು ಎಲ್ಲರೂ ಓದಿರಬೇಕು. ತಮ್ಮ ಮೊದಲ ದಿನದ ಯೋಜನೆ ಕುಸಿದುಬಿದ್ದರೆ ಎರಡನೆಯ ದಿನಕ್ಕೆ ಯಾವ ಕಥೆ ಸಿದ್ಧವಿದೆ ಎಂದು ಖಾತೆಯಲ್ಲಿ ಬರೆದಿರಬೇಕು. ಈಗ ಏನಾಗಿದೆ ಎಂದರೆ, ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ 150 ಪ್ರಶ್ನೆಗಳಿಗೆ ತಯಾರಾಗುವ ಗೈಡುಗಳಲ್ಲಿ ‘ಗಿಜುಭಾಯಿ – ದಿವಾಸ್ವಪ್ನ’ ಎಂದು ಹೊಂದಿಸಿ ಬರೆಯುವ ಪಟ್ಟಿ ಇರುತ್ತದೆ. ಪುಸ್ತಕ ತೆರೆಯದೆಯೇ ಆ ಒಂದು ಅಂಕ ಸಿಗುತ್ತದೆ. ಟಿಇಟಿ ಪಾಸಾಗುವುದು ಅನ್ನದ ಪ್ರಶ್ನೆ, ಗೈಡು ಓದಬೇಡಿ ಎನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಗೈಡಿನ ಓದನ್ನೇ ಓದು ಎಂದು ಕಾಲೇಜೂ ಒಪ್ಪಿಕೊಂಡುಬಿಟ್ಟರೆ ಆ ಪ್ರಶಿಕ್ಷಣಾರ್ಥಿ ಇನ್ನೆಲ್ಲಿಗೆ ಹೋಗಬೇಕು?

ಇನ್ನು ಗಟ್ಟಿ ಓದಿನ ವಿಚಾರ. ತನ್ನ ಓದಿನ ಪ್ರೀತಿ ಮಗುವಿಗೆ ಕಾಣುವುದೇ ಇಲ್ಲಿ. ಆದ್ದರಿಂದ ಇದನ್ನು ಕುಶಲಕರ್ಮದಂತೆ ಕಲಿಯಬೇಕು. 16 ಪುಟದ, ಪುಟಕ್ಕೆ ಎರಡು ಮೂರು ಸಾಲಿರುವ ಚಿತ್ರಪುಸ್ತಕ ಆರಿಸಿಕೊಳ್ಳಿ. ಒಂದು ಸಲ ತನಗಾಗಿ ಮನಸ್ಸಿನಲ್ಲೇ ಓದುವುದು, ಎರಡನೆಯ ಸಲ ಒಂಟಿಯಾಗಿ ಗಟ್ಟಿಯಾಗಿ ಓದಿ ಎಲ್ಲಿ ಉಸಿರು ಕಡಿಯುತ್ತದೆ ನೋಡುವುದು, ಮೂರನೆಯ ಸಲ ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ಹಿಡಿದು ಓದುವುದು. ಮೂರನೆಯದು ಬಿಟ್ಟರೆ ತರಗತಿಯಲ್ಲಿ ಖಂಡಿತ ತಡವರಿಕೆ ಬರುತ್ತದೆ. ಎಡಗೈ ಪುಸ್ತಕದ ಬುಡದಲ್ಲಿ, ಹೆಬ್ಬೆರಳು ನಡುಮಡಿಕೆಯಲ್ಲಿ, ಪುಸ್ತಕ ಭುಜದ ಪಕ್ಕಕ್ಕೆ, ಮುಖ ಮರೆಯಾಗದಂತೆ ಇರಲಿ. 25-30 ಮಕ್ಕಳನ್ನು ಎರಡು ಸಾಲಿನ ಅರ್ಧಚಂದ್ರಾಕಾರದಲ್ಲಿ ನೆಲದ ಮೇಲೆ ಕೂರಿಸಿ. ಹಿಂದಿನ ಸಾಲು ಎಂಟು ಅಡಿಗಿಂತ ದೂರವಾದರೆ ಚಿತ್ರ ಕಾಣುವುದಿಲ್ಲ, ಚಿತ್ರ ಕಾಣದ ಮಗು ಪಕ್ಕದವರ ಜಡೆ ಎಳೆಯುತ್ತದೆ. ಶಿಕ್ಷಕರ ಬೆನ್ನಿಗೆ ಕಿಟಕಿ ಇದ್ದರೆ ಬೆಳಕು ಮಕ್ಕಳ ಕಣ್ಣಿಗೆ ಹೊಡೆದು ಪುಟ ಕಪ್ಪಾಗಿ ಕಾಣುತ್ತದೆ, ಕಿಟಕಿ ಮಕ್ಕಳ ಬೆನ್ನ ಕಡೆಗೆ ಇರುವಂತೆ ನೋಡಿಕೊಳ್ಳಬೇಕು. ಮಾತಾಡುವ ವೇಗದ ಅರ್ಧ ವೇಗದಲ್ಲಿ ಓದಿ. ಪುಟ ತಿರುಗಿಸಿದ ಮೇಲೆ ನಾಲ್ಕೈದು ಸೆಕೆಂಡು ಬಾಯಿ ಮುಚ್ಚಿಕೊಂಡಿರಿ, ಆಗ ಮಕ್ಕಳು ಚಿತ್ರ ಓದುತ್ತಾರೆ. ಬರೆದವರ ಹೆಸರು ಹೇಳುವಾಗ ಚಿತ್ರ ಬಿಡಿಸಿದವರ ಹೆಸರನ್ನೂ ಹೇಳಿ.

ಎಲ್ಲಿ ಕೆಡುತ್ತದೆ ಗೊತ್ತೇ? ಪುಟಪುಟಕ್ಕೂ ‘ಇದೇನು? ಇದೇನು?’ ಎಂದು ಕೇಳುವಲ್ಲಿ. ಕಥೆಗೆ ಎರಡು ಕಡೆ ಮಾತ್ರ ನಿಲ್ಲಬೇಕು, ಅದೂ ಮುಂದೇನಾಗಬಹುದು ಎಂದು ಕೇಳಲು. ಪಾಠ ಯೋಜನೆಯ ಅಭ್ಯಾಸ ಬಲದಿಂದ ಕಥೆ ಮುಗಿದ ಮರುಕ್ಷಣ ‘ಈ ಕಥೆಯ ನೀತಿ ಏನು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ಬಂದ ಕೂಡಲೇ ಮಕ್ಕಳ ಮುಖ ಪರೀಕ್ಷೆಯ ಮುಖವಾಗುತ್ತದೆ. ಸುಮ್ಮನೆ ಪುಸ್ತಕ ಮುಚ್ಚಿ ಅರ್ಧ ನಿಮಿಷ ಕಾದರೆ ಒಂದಲ್ಲ ಒಂದು ಮಗು ತಾನೇ ಮಾತು ತೆಗೆಯುತ್ತದೆ. ಆಮೇಲೆ ಆ ಪುಸ್ತಕವನ್ನು ಬೀರುವಿಗೆ ಸೇರಿಸಬಾರದು, ಮಕ್ಕಳ ಕೈಗೆಟುಕುವ ಮೇಜಿನ ಮೇಲೆ ಬಿಡಬೇಕು. ಈಗಷ್ಟೇ ಕೇಳಿದ ಕಥೆಯನ್ನು ಮಗು ತಾನೇ ಪುಟ ತಿರುವಿ ‘ಓದುವ’ ಆ ಹೊತ್ತಿನಲ್ಲೇ ಅಕ್ಷರಕ್ಕೂ ಅರ್ಥಕ್ಕೂ ನಂಟು ಬೀಳುತ್ತದೆ. ಮರುದಿನ ಅದೇ ಕಥೆ ಬೇಕೆಂದರೆ ಬೇಸರಿಸದೆ ಓದಬೇಕು. ಬಿ.ಇಡಿ.ಯ ಒಟ್ಟು 20 ವಾರದ ಶಾಲಾ ಅನುಭವದಲ್ಲಿ ಎರಡನೆಯ ವರ್ಷದ 16 ವಾರಗಳನ್ನೇ ತೆಗೆದುಕೊಂಡರೂ, ವಾರಕ್ಕೆ ಐದು ಗಟ್ಟಿ ಓದಿನಂತೆ 80 ಆಗುತ್ತವೆ. 80 ಸಲ ಮಕ್ಕಳ ಮುಂದೆ ಪುಸ್ತಕ ಹಿಡಿದವರಿಗೆ ಅದು ಕೈಗೂಡಿದ ವಿದ್ಯೆಯಾಗುತ್ತದೆ. ಪ್ರೌಢಶಾಲೆಗೂ ಇದು ಬೇಕು. ಎಂಟನೆಯ ತರಗತಿಗೆ ಚಿತ್ರಪುಸ್ತಕದ ಬದಲು ತೇಜಸ್ವಿಯವರ ಕರ್ವಾಲೊದಂಥ ಕಾದಂಬರಿಯನ್ನು ದಿನಕ್ಕೆ ನಾಲ್ಕು ಪುಟದಂತೆ ಓದಿದರೆ ಸಾಕು, ಕನ್ನಡ ಕಷ್ಟ ಎನ್ನುವ ಹುಡುಗರೂ ಮುಂದಿನ ಕಂತಿಗೆ ಕಾಯುತ್ತಾರೆ.

ಸ್ವತಃ ಗಟ್ಟಿಯಾಗಿ ಓದಿ ಅಭ್ಯಾಸವಿದ್ದವರಿಗೆ ಮಗುವಿನ ಓದು ಎಲ್ಲಿ ಸಿಕ್ಕಿಬಿದ್ದಿದೆ ಎಂಬುದು ಕಿವಿಗೇ ತಿಳಿಯುತ್ತದೆ. ‘ಸೂರ್ಯ’ ಎಂಬ ಪದವನ್ನೇ ನೋಡಿ. ಉಚ್ಚರಿಸುವಾಗ ರ್ ಮೊದಲು, ಯ ಆಮೇಲೆ. ಬರೆಯುವಾಗ ಯ ಮೊದಲು, ರ್ ದನಿಯ ಗುರುತಾದ ಅರ್ಕಾವೊತ್ತು ಆಮೇಲೆ. ಎಡದಿಂದ ಬಲಕ್ಕೆ ಪ್ರಾಮಾಣಿಕವಾಗಿ ಓದಿದ ಮಗು ‘ಸೂಯ್ರ’ ಎನ್ನುತ್ತದೆ. ‘ವರ್ಷ’ ‘ವಷ್ರ’ ಆಗುತ್ತದೆ. ಅದು ದಡ್ಡತನವಲ್ಲ, ಲಿಪಿಯ ನಿಯಮವನ್ನು ಯಾರೂ ಬಿಡಿಸಿ ಹೇಳಿಲ್ಲ ಅಷ್ಟೇ. ‘ಅರ್ಕ’ ಮತ್ತು ‘ಚಕ್ರ’ ಎರಡನ್ನೂ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದು, ಒಂದರಲ್ಲಿ ರ ಕಕ್ಕಿಂತ ಮೊದಲು ಕೇಳಿಸುತ್ತದೆ, ಇನ್ನೊಂದರಲ್ಲಿ ಆಮೇಲೆ ಕೇಳಿಸುತ್ತದೆ ಎಂದು ಬೆರಳಿಟ್ಟು ತೋರಿಸಿದರೆ ಎರಡು ದಿನದಲ್ಲಿ ಸರಿಹೋಗುತ್ತದೆ. ಇನ್ನು ಕೆಲವು ತಪ್ಪೇ ಅಲ್ಲ. ಹಳೇ ಮೈಸೂರಿನ ಕಡೆಯ ಮಗು ‘ಹಾಲು’ವನ್ನು ‘ಆಲು’ ಎಂದು ಓದಿದರೆ, ಧಾರವಾಡದ ಕಡೆಯ ಮಗು ‘ಬರುತ್ತಾನೆ’ಯನ್ನು ‘ಬರ್ತಾನ’ ಎಂದು ಓದಿದರೆ, ಅದು ಅಕ್ಷರ ನೋಡಿ ಅರ್ಥ ಹಿಡಿದು ತನ್ನ ಮನೆಮಾತಿನಲ್ಲಿ ಹೇಳಿದೆ. ಅಲ್ಲಿ ತಡೆದು ತಿದ್ದಿದರೆ ಓದೇ ನಿಂತುಹೋಗುತ್ತದೆ. ‘ಮರ’ವನ್ನು ‘ಮನೆ’ ಎಂದು ಓದಿದರೆ ಮಾತ್ರ ನಿಲ್ಲಿಸಿ, ಏಕೆಂದರೆ ಅಲ್ಲಿ ಮಗು ನೋಡದೆ ಊಹಿಸುತ್ತಿದೆ.

ಮಕ್ಕಳ ಆರಂಭಿಕ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ನಡೆಸುವ ನಿಪುಣ ಭಾರತ ಕಾರ್ಯಕ್ರಮದಡಿ ಎರಡನೆಯ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದ, ಮೂರನೆಯ ತರಗತಿಯ ಮಗು ಕನಿಷ್ಠ 60 ಪದ ಅರ್ಥಸಹಿತ ಓದಬೇಕೆಂಬ ಗುರಿ ಇದೆ. ಗುರಿ ಇರಲಿ. ಆದರೆ ಕನ್ನಡದ ಪದ ಎಂದರೆ ಎಷ್ಟು ಉದ್ದ? ‘ಅವನು ಮನೆಗೆ ಬಂದ’, ಮೂರು ಪದ, ಎಂಟು ಅಕ್ಷರ. ‘ಶಾಲೆಯಲ್ಲಿದ್ದವರೆಲ್ಲರಿಗೂ ಹಂಚಿಕೊಡಬೇಕಾಯಿತು’, ಎರಡೇ ಪದ, 18 ಅಕ್ಷರ, ಅದರಲ್ಲೂ ಮೂರು ಒತ್ತಕ್ಷರ. ಗಡಿಯಾರ ಹಿಡಿದು ಕೂತ ಪ್ರಶಿಕ್ಷಣಾರ್ಥಿ ತಾನೇ ಈ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಓದಿ ನೋಡಿದ್ದರೆ, ಎರಡನೆಯದರಲ್ಲಿ ನಿಧಾನವಾದ ಮಗುವನ್ನು ಹಿಂದುಳಿದ ಪಟ್ಟಿಗೆ ಬರೆಯುವ ಮೊದಲು ಪಠ್ಯವನ್ನು ಬದಲಿಸಿ ಇನ್ನೊಮ್ಮೆ ಓದಿಸುತ್ತಾರೆ.

ಗಣಿತ, ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ‘ಓದಿಸುವುದು ಕನ್ನಡ ಮೇಷ್ಟ್ರ ಕೆಲಸ’ ಎಂದು ಪಕ್ಕಕ್ಕೆ ಸರಿಯುವುದುಂಟು. ‘ಬುಟ್ಟಿಯಲ್ಲಿ 48 ಮಾವಿನಹಣ್ಣುಗಳಿದ್ದು, ಅವುಗಳಲ್ಲಿ ಮೂರನೇ ಒಂದು ಭಾಗದಷ್ಟು ಕೊಳೆತಿದ್ದರೆ ಉಳಿದವೆಷ್ಟು?’ ಈ ಲೆಕ್ಕಕ್ಕೆ 16 ಎಂದು ಬರೆದ ಮಗುವಿಗೆ ಭಾಗಾಕಾರ ಬರುತ್ತದೆ. ಬಾರದಿರುವುದು ‘ಉಳಿದವೆಷ್ಟು’ ಎಂಬ ಕೊನೆಯ ಪದದವರೆಗೂ ವಾಕ್ಯವನ್ನು ಹಿಡಿದಿಟ್ಟುಕೊಳ್ಳುವುದು. ಅಲ್ಲಿ ಭಾಗಾಕಾರ ಮತ್ತೆ ಕಲಿಸಿದರೆ ಪ್ರಯೋಜನವಿಲ್ಲ, ವಾಕ್ಯವನ್ನು ಮೂರು ತುಂಡು ಮಾಡಿ ಓದಿಸಬೇಕು. ವಿಜ್ಞಾನದವರು ಮಕ್ಕಳಿಗಾಗಿ ಕನ್ನಡದಲ್ಲಿ ವಿಜ್ಞಾನ ಹೇಗೆ ಬರೆಯಬಹುದು ಎಂದು ನೋಡಬೇಕಿದ್ದರೆ ಶಿವರಾಮ ಕಾರಂತರ ಬಾಲಪ್ರಪಂಚದ ಸಂಪುಟಗಳನ್ನು ಗ್ರಂಥಾಲಯದಲ್ಲಿ ಕೂತು ತಿರುವಬಹುದು. ಮಾಹಿತಿ ಹಳತಾಗಿರಬಹುದು, ವಿವರಿಸುವ ಕ್ರಮ ಇಂದಿಗೂ ಕಲಿಯುವಂಥದ್ದು. ನಮ್ಮಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಕವಿಶಿಷ್ಯ ಎಂಬ ಹೆಸರಿನಲ್ಲಿ ಮಕ್ಕಳಿಗೆ ಹಾಡು ಕಥೆ ಬರೆದ ಪಂಜೆ ಮಂಗೇಶರಾಯರು (1874–1937) ಶಾಲಾ ಶಿಕ್ಷಕರಾಗಿ, ಇನ್‌ಸ್ಪೆಕ್ಟರರಾಗಿ ದುಡಿದವರೇ.

ಗ್ರಂಥಾಲಯದ ಮಾತಿಗೆ ಬಂದರೆ, ಬಿ.ಇಡಿ. ಕಾಲೇಜಿನಲ್ಲಿ ಕನಿಷ್ಠ 1000 ಶೀರ್ಷಿಕೆ, 3000 ಪುಸ್ತಕ ಇರಬೇಕೆಂದು ನಿಯಮವಿದೆ. ತಪಾಸಣಾ ಸಮಿತಿ ಬಂದಾಗ ಎಣಿಕೆಗೆ ಅವು ಸಿಗುತ್ತವೆ. ಕೇಳಬೇಕಾದದ್ದು ಎಷ್ಟಿವೆ ಎಂದಲ್ಲ, ಕಳೆದ ತಿಂಗಳು ಎಷ್ಟು ಹೊರಗೆ ಹೋದವು ಎಂದು. ನೀಡಿಕೆಯ ರಿಜಿಸ್ಟರಿನಲ್ಲಿ ಪಠ್ಯಕ್ರಮದ ಪುಸ್ತಕ ಬಿಟ್ಟು ಬೇರೆ ಶೀರ್ಷಿಕೆಗಳಿಗೆ ಕೆಂಪು ಗೆರೆ ಎಳೆದು ನೋಡಿದರೆ ಅರ್ಧ ಗಂಟೆಯಲ್ಲಿ ಸತ್ಯ ತಿಳಿಯುತ್ತದೆ. ಮಕ್ಕಳ ಪುಸ್ತಕಗಳ ಒಂದು ಕಪಾಟು ಪ್ರತಿಯೊಂದು ಶಿಕ್ಷಕ ತರಬೇತಿ ಸಂಸ್ಥೆಯಲ್ಲೂ ಬೇಕು, ಬೀಗವಿಲ್ಲದೆ. ಒಂದು ಚಿತ್ರಪುಸ್ತಕಕ್ಕೆ 60 ರೂಪಾಯಿ ಹಿಡಿದರೆ 40 ಪುಸ್ತಕಕ್ಕೆ 2400 ರೂಪಾಯಿ. 50 ಪ್ರಶಿಕ್ಷಣಾರ್ಥಿಗಳ ರೆಕಾರ್ಡಿನ ಅಲಂಕಾರಕ್ಕೆ ಇದಕ್ಕಿಂತ ಹೆಚ್ಚು ಹಣ ಹೋಗುತ್ತದೆ. ಹಣವಿಲ್ಲದ ಕಡೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವಿದೆ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಇಂಟರ್ನ್‌ಶಿಪ್ಪಿನ ಮೊದಲ ವಾರ ಪ್ರಶಿಕ್ಷಣಾರ್ಥಿ ತನ್ನ ತರಗತಿಯ ಮಕ್ಕಳನ್ನು ಸಾಲಾಗಿ ಅಲ್ಲಿಗೆ ಕರೆದುಕೊಂಡು ಹೋಗಿ ಸದಸ್ಯರನ್ನಾಗಿ ಮಾಡಿಸಬಹುದು, ಶನಿವಾರದ ಒಂದು ಗಂಟೆಯ ಕೆಲಸ.

ಪುಸ್ತಕ ಮಕ್ಕಳ ಕೈಗೆ ಕೊಟ್ಟರೆ ಹರಿಯುತ್ತವೆ ಎಂಬ ಭಯಕ್ಕೇ ಬೀಗ ಬೀಳುವುದು. ಹರಿಯುತ್ತವೆ, ನಿಜ. ಹೊಲಿಯಲು ಕಲಿತರಾಯಿತು. ತೆಳ್ಳಗಿನ ಚಿತ್ರಪುಸ್ತಕಗಳ ನಡುವೆ ಇರುವುದು ಎರಡು ಪಿನ್ನು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅವು ತುಕ್ಕು ಹಿಡಿದು ಕಾಗದವನ್ನೇ ತಿಂದುಹಾಕುತ್ತವೆ. ಪಿನ್ನು ಬಿಚ್ಚಿ ತೆಗೆದು, ಹಾಳೆಗಳನ್ನು ಸರಿಯಾಗಿ ಜೋಡಿಸಿ, ನಡುಮಡಿಕೆಯಲ್ಲಿ ದಬ್ಬಣದಿಂದ ಮೂರು ತೂತು ಮಾಡಿ: ಒಂದು ನಡುವೆ, ಎರಡು ತುದಿಗಳಿಂದ ಒಂದೊಂದು ಅಂಗುಲ ಒಳಗೆ. ಪುಸ್ತಕದ ಎತ್ತರದ ಎರಡೂವರೆ ಪಟ್ಟು ಉದ್ದದ ದಪ್ಪ ಹತ್ತಿ ದಾರ ತೆಗೆದುಕೊಂಡು, ಸೂಜಿಯನ್ನು ನಡುತೂತಿನಲ್ಲಿ ಒಳಗಿನಿಂದ ಹೊರಕ್ಕೆ, ಮೇಲಿನ ತೂತಿನಲ್ಲಿ ಹೊರಗಿನಿಂದ ಒಳಕ್ಕೆ, ಅಲ್ಲಿಂದ ಒಳಗೇ ಇಳಿದು ಕೆಳಗಿನ ತೂತಿನಿಂದ ಹೊರಕ್ಕೆ, ಮತ್ತೆ ನಡುತೂತಿನಿಂದ ಒಳಕ್ಕೆ ತನ್ನಿ. ದಾರದ ಎರಡು ತುದಿಗಳು ಒಳಗಿನ ಉದ್ದ ಹೊಲಿಗೆಯ ಆಚೆಗೊಂದು ಈಚೆಗೊಂದು ಇರಬೇಕು. ಆ ಹೊಲಿಗೆಯನ್ನು ಒಳಗೆ ಸೇರಿಸಿಕೊಂಡು ಗಂಟು ಹಾಕಿ. ಒಂದು ಪುಸ್ತಕಕ್ಕೆ ಐದು ನಿಮಿಷ ಸಾಕು. ಸೆಲ್ಲೋಟೇಪು ಮಾತ್ರ ಬೇಡ, ಅದು ವರ್ಷದೊಳಗೆ ಹಳದಿಯಾಗಿ ಒಣಗಿ, ಬಿಡಿಸುವಾಗ ಅಕ್ಷರವನ್ನೂ ಕಿತ್ತುಕೊಂಡು ಬರುತ್ತದೆ. ಕಿಟಕಿಗೆ ಹಗ್ಗ ಕಟ್ಟಿ ಪುಸ್ತಕ ತೂಗುಹಾಕುವ ಪದ್ಧತಿಯೂ ಅಷ್ಟು ಒಳ್ಳೆಯದಲ್ಲ. ನೋಡಲು ಚೆಂದ, ಆದರೆ ಭಾರವೆಲ್ಲ ನಡುಮಡಿಕೆಯ ಮೇಲೆ ಬಿದ್ದು ರಕ್ಷಾಪುಟ ಕಳಚುತ್ತದೆ. ಹಳೆಯ ಹಣ್ಣಿನ ಬುಟ್ಟಿಯಲ್ಲಿ ಮುಖಪುಟ ಕಾಣುವಂತೆ ನಿಲ್ಲಿಸಿಟ್ಟರೆ ಮಕ್ಕಳು ತಾವೇ ಆರಿಸಿಕೊಳ್ಳುತ್ತಾರೆ.

ಮೌಲ್ಯಮಾಪನ ಹೇಗೆ ಎಂದು ವಿಶ್ವವಿದ್ಯಾಲಯಗಳು ಕೇಳಬಹುದು. ರೆಕಾರ್ಡಿಗೆ ಈಗ ಕೊಡುವ ಅಂಕವನ್ನೇ ಒಬ್ಬೊಬ್ಬರಿಗೆ ಎಂಟು ನಿಮಿಷದ ಮೌಖಿಕಕ್ಕೆ ಕೊಡಲಿ. ಪ್ರಶಿಕ್ಷಣಾರ್ಥಿ ತಾನು ಓದಿದ ಪುಸ್ತಕವನ್ನೂ ಖಾತೆಯನ್ನೂ ಕೈಯಲ್ಲಿ ಹಿಡಿದು ಬರಲಿ. ಖಾತೆಯಲ್ಲಿ ಬರೆದ ಒಂದು ಪುಟಸಂಖ್ಯೆಯನ್ನು ಪರೀಕ್ಷಕರು ಹೇಳಲಿ, ಆ ಪುಟ ತೆರೆದು ಅರ್ಧ ಪುಟ ಗಟ್ಟಿಯಾಗಿ ಓದಲಿ, ಆ ವಾಕ್ಯವನ್ನೇ ಯಾಕೆ ಬರೆದುಕೊಂಡಿರಿ ಎಂದು ಕೇಳಲಿ, ಇದನ್ನು ಐದನೆಯ ತರಗತಿಗೆ ಹೇಗೆ ಒಯ್ಯುತ್ತೀರಿ ಎಂದು ಕೇಳಲಿ. ಲೇಖಕರ ಜನ್ಮದಿನಾಂಕ ಕೇಳುವುದು ಬೇಡ. 50 ಜನಕ್ಕೆ ಎಂಟು ನಿಮಿಷದಂತೆ 400 ನಿಮಿಷ, ಇಬ್ಬರು ಪರೀಕ್ಷಕರು ಹಂಚಿಕೊಂಡರೆ ಒಂದು ಹಗಲು ಸಾಕು. ಇದಕ್ಕೆ ಹೊಸ ಪಠ್ಯಕ್ರಮ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ. ಈಗಿರುವ ಪತ್ರಿಕೆಯೊಳಗೇ ಇದನ್ನು ಮಾಡಬಹುದು. ಮುಂದಿನ ಬ್ಯಾಚಿನ ವೇಳಾಪಟ್ಟಿ ಅಂತಿಮಗೊಳ್ಳುವ ಮೊದಲು ವಿಶ್ವವಿದ್ಯಾಲಯಗಳ ಶಿಕ್ಷಣ ನಿಕಾಯಗಳೂ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳೂ (ಡಯಟ್) ಆ 20 ನಿಮಿಷಕ್ಕೆ ಜಾಗ ಮಾಡಿ ಸುತ್ತೋಲೆ ಹೊರಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ ತರಬೇತುದಾರರು, ಧಾರವಾಡ